ಹಲ್ಲಿಲ್ಲದ ಹಕ್ಕಿಯ ವಯಸ್ಸು

ನಮ್ಮಜ್ಜ ದನದ ದಲ್ಲಾಳಿ. ಹೋರಿಯ ಮೂಗುದಾರ ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳನ್ನು ತುಟಿಯ ಸಂದಿಗೆ ತೂರಿಸಿ, ಕೆಳದವಡೆಯ ಸಾಲು ಕಾಣುವಷ್ಟು ಬಿಚ್ಚಿ ಥಟ್ಟನೆ ಮುಚ್ಚಿಬಿಡುತ್ತಿದ್ದ. ಅಷ್ಟರಲ್ಲಿ ಲೆಕ್ಕ ಮುಗಿದಿರುತ್ತಿತ್ತು. ‘ಎರಡಲ್ಲು’, ‘ನಾಲ್ಕಲ್ಲು’, ‘ಆರಲ್ಲು’, ‘ಬಾಯಿಗೂಡೈತೆ’. ಹಾಲುಹಲ್ಲಿನ ಮೊದಲ ಜೋಡಿ ಉದುರಿ ದೊಡ್ಡ ಹಲ್ಲು ಬಂದಿದ್ದರೆ ಎರಡು ವರ್ಷ ದಾಟಿತು. ಎಂಟೂ ಬಂದು ಸಾಲು ಕೂಡಿದ್ದರೆ ನಾಲ್ಕೈದು. ಅಲ್ಲಿಂದಾಚೆಗಿನದನ್ನು ಹಲ್ಲು ಸವೆದ ಬಗೆಯಲ್ಲಿ ಓದಬೇಕು. ಅದನ್ನೂ ಓದುತ್ತಿದ್ದ. ಆತನ ಬಾಯಲ್ಲಿ ಮಾತ್ರ ಒಂದು ಹಲ್ಲೂ ಉಳಿದಿರಲಿಲ್ಲ. ‘ನನ್ನ ವಯಸ್ಸು ಯಾವನೂ ಹೇಳಂಗಿಲ್ಲ ನೋಡು’ ಅಂತ ಬೊಚ್ಚುಬಾಯಿ ತೆರೆದು ನಗುತ್ತಿದ್ದ.

1997ರಲ್ಲಿ ನಾನು 20 ಬಾತುಕೋಳಿ ಕೊಂಡು ತಂದೆ. ಎರಡು ಬಿದಿರು ಬುಟ್ಟಿ, ಮೇಲೆ ಬಲೆ, ಬಸ್ಸಿನ ಟಾಪಿನ ಮೇಲೆ ಪ್ರಯಾಣ. ಅಂಗಳದಲ್ಲಿ ಬುಟ್ಟಿ ಬಿಚ್ಚುತ್ತಿದ್ದಂತೆ ಅಜ್ಜ ಒಂದನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅಭ್ಯಾಸಬಲದಿಂದ, ಅದರ ಬಾಯಿ ಬಿಚ್ಚಿದ. ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯಂಥ ಗೀರುಗಳಿದ್ದವು. ಉಗುರಿನಿಂದ ಒಮ್ಮೆ ಗೀರಿ ನೋಡಿದ. ‘ಇದರಾಗೆ ಏನೈತಲೇ ಎಣಿಸಾಕೆ? ಹಲ್ಲಿಲ್ಲದ್ದನ್ನ ಹೆಂಗ್ ಕೊಂಡ್ಯೋ?’ ಅಂದ.

‘ಪುಕ್ಕ ನೋಡಿ ಕೊಂಡೆ ಅಜ್ಜ. ಹೆಂಗ್ ಹೊಳೀತಾವೆ ನೋಡು, ಎಳೇವು’ ಅಂದೆ ನಾನು.

ಅವು ಎಳೆಯವಾಗಿರಲಿಲ್ಲ. ಮಾರಿದವರು ‘ಆರು ತಿಂಗಳ ಪ್ರಾಯ, ಇನ್ನು ಹದಿನೈದು ದಿನಕ್ಕೆ ಮೊಟ್ಟೆ’ ಅಂದಿದ್ದರು. ಎರಡು ತಿಂಗಳಲ್ಲಿ ನಮಗೆ ಸಿಕ್ಕ ಮೊಟ್ಟೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಮಾರಿದವರ ಹೆಸರು ಈಗ ಬೇಡ. ದನದ ದಲ್ಲಾಳಿಯ ಮೊಮ್ಮಗ ಬರೀ ಹೊಳಪು ನೋಡಿ ವ್ಯಾಪಾರ ಮಾಡಿದ್ದು ನನ್ನದೇ ತಪ್ಪು.

ನಮ್ಮ ಸೀಮೆಗೆ ಎತ್ತು ಗೊತ್ತು. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ ಸವಳಂಗ; ಇಲ್ಲಿಂದಲೇ ನ್ಯಾಮತಿ, ಹೊನ್ನಾಳಿ ಕಡೆಗೆ ರಸ್ತೆ ಒಡೆಯುತ್ತದೆ. ಬೆನ್ನಿಗೆ ಮಲೆನಾಡು, ಮುಖಕ್ಕೆ ಬಯಲುಸೀಮೆ. ಶಿಕಾರಿಪುರ, ಹೊನ್ನಾಳಿ ಕಡೆ ಇವತ್ತಿಗೂ ದೀಪಾವಳಿ ಕಳೆದರೆ ಹೋರಿ ಬೆದರಿಸುವ ಹಬ್ಬ. ಬಂಜಾರರ ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ನಮಗೆ ಹತ್ತಿರ. ಎತ್ತಿನ ಬೆನ್ನ ಮೇಲೆ ಹೇರು ಹೊರಿಸಿ ದೇಶ ಸುತ್ತಿದ ಬಂಜಾರರಿಗೆ ಎತ್ತಿನ ಬಾಯಿ ಎಂದರೆ ಬಂಡವಾಳದ ಲೆಕ್ಕಪುಸ್ತಕ. ಬರೆದಿಟ್ಟ ವಿದ್ಯೆಯೂ ಉಂಟು. ಎರಡನೆಯ ಚಾವುಂಡರಾಯ 1025ರ ಹೊತ್ತಿಗೆ ‘ಲೋಕೋಪಕಾರ’ ಬರೆದು ಮಳೆ, ನೀರು, ಗಿಡ, ಅಡುಗೆ, ಶಕುನಗಳನ್ನೆಲ್ಲ ಕನ್ನಡಕ್ಕೆ ತಂದ. ಚಾಲುಕ್ಯರ ಮನೆತನದ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಈ ಸೀಮೆಯನ್ನು ಆಳಿದ ಕೆಳದಿಯ ಬಸವಪ್ಪನಾಯಕ 18ನೇ ಶತಮಾನದ ಆರಂಭದಲ್ಲಿ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶದಲ್ಲಿ ಆನೆ ಕುದುರೆಗಳ ಲಕ್ಷಣ ಹೇಳಿದ. ಆನೆಗೆ ಅರಸ ಇದ್ದ, ಎತ್ತಿಗೆ ನಮ್ಮಜ್ಜ ಇದ್ದ. ಬಾತಿಗೆ ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಆ ಹೆಸರನ್ನೇ ನೋಡಿ. ತೆಲುಗರಿಗೂ ಅದು ಬಾತು, ತಮಿಳರಿಗೆ ವಾತ್ತು, ಉರ್ದುವಿನಲ್ಲಿ ಬತಖ್, ಅರಬ್ಬಿಯಲ್ಲಿ ಬತ್ತ್. ಒಂದೇ ಸದ್ದು ಎಷ್ಟೋ ಸೀಮೆ ದಾಟಿ ಅಲೆದಾಡಿದೆ, ತನ್ನನ್ನು ಹೊತ್ತ ಹಕ್ಕಿಯ ಹಾಗೆ. ಹಳಗನ್ನಡದಲ್ಲಿ ಹಂಸಕ್ಕೆ ಅಂಚೆ ಎಂಬ ಚೆಂದದ ತದ್ಭವ ಇತ್ತು. ಈಗ ಅಂಚೆ ಎಂದರೆ ಟಪಾಲು, ಕಾಗದ ತರುವವನು ಸೈಕಲ್ಲಿನಲ್ಲಿ ಬರುತ್ತಾನೆ. ನಮ್ಮೂರಲ್ಲಂತೂ ಬಾತಿಗೆ ‘ಕೋಳಿ’ ಅಂಟಿಸದೆ ಯಾರೂ ಕರೆಯುವುದಿಲ್ಲ. ಪರಿಚಯ ಸಾಲದ ಪ್ರಾಣಿಗೆ ಪರಿಚಯದ ಪ್ರಾಣಿಯ ಜಾಮೀನು.

ಅಜ್ಜನ ಕಾಲದಲ್ಲಿ ಬಾತು ಎಂದರೆ ಕೆರೆಗೆ ತಾನಾಗಿ ಬರುವ ಹಕ್ಕಿ. ಮಳೆಗಾಲ ಮುಗಿದು ಚಳಿ ಬಿದ್ದರೆ ಸವಳಂಗದ ಕೆರೆಯಲ್ಲೂ, ಚನ್ನಗಿರಿ ಕಡೆಯ ಸೂಳೆಕೆರೆಯಲ್ಲೂ ಹಿಂಡು ಇಳಿಯುತ್ತಿದ್ದವು. ರಾತ್ರಿ ನೀರಿಗೆ ಉರುಳು ಹಾಸಿ ಹಿಡಿಯುವವರಿದ್ದರು. ಅವರು ಹಿಡಿದ ಹಕ್ಕಿಯ ಬಾಲ ಬಿಡಿಸಿ ಗರಿಯ ತುದಿ ನೋಡುತ್ತಿದ್ದುದನ್ನು ಅಜ್ಜ ಕಂಡಿದ್ದನಂತೆ. ಏಕೆ ಎಂದು ಕೇಳಿರಲಿಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆ ಅಪರಾಧವಾಯಿತು. ಉರುಳು ಅಟ್ಟ ಸೇರಿತು; ಬಾಲ ನೋಡುವ ವಿದ್ಯೆಯೂ ಅದರ ಜೊತೆಗೇ ಅಟ್ಟ ಸೇರಿತು.

ಸಾಕುಬಾತಿನ ದೊಡ್ಡ ಹಿಂಡು ನಮ್ಮ ಕಡೆ ಕಂಡದ್ದು ನಾಲೆಯ ನೀರಿನ ಬೆನ್ನು ಹಿಡಿದು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಕೆಲಸ 1947ರಲ್ಲಿ ಶುರುವಾಗಿ 1965ಕ್ಕೆ ಮುಗಿಯಿತು. 1 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲಕ್ಕೆ ನೀರು. ಬಲದಂಡೆ ನಾಲೆ ಚನ್ನಗಿರಿ ಹಾದು ದಾವಣಗೆರೆ ಕಡೆಗೆ ಹರಿಯಿತು. ಜೋಳ ಬೆಳೆಯುತ್ತಿದ್ದ ನೆಲದಲ್ಲಿ ವರ್ಷಕ್ಕೆ ಎರಡು ಭತ್ತ. ಎರಡು ಭತ್ತ ಎಂದರೆ ಎರಡು ಕೊಯ್ಲು. ಎರಡು ಕೊಯ್ಲು ಎಂದರೆ ನೆಲಕ್ಕುದುರಿದ ಕಾಳು, ಕೂಳೆಯ ನಡುವೆ ನಿಂತ ನೀರು, ಅದರಲ್ಲಿ ಬಸವನಹುಳು, ಏಡಿಮರಿ. ಬಾತಿಗೆ ಇದಕ್ಕಿಂತ ಹಬ್ಬದೂಟ ಬೇಕೆ? ಆಂಧ್ರದ ಕಡೆಯವರು ಸಾವಿರಗಟ್ಟಲೆ ಬಾತುಗಳನ್ನು ಲಾರಿಯಲ್ಲಿ ತುಂಬಿ ತಂದು ಗದ್ದೆಗೆ ಇಳಿಸತೊಡಗಿದರು.

ನಾನು ಅವರನ್ನು ಹುಡುಕಿಕೊಂಡು ಹೋದದ್ದು ಮೋಸ ಹೋದ ಮೂರನೇ ತಿಂಗಳು. ಅದೇ 1997ರಲ್ಲಿ ನಮ್ಮೂರು ಕೂತಲ್ಲೇ ಕೂತು ವಿಳಾಸ ಬದಲಿಸಿತ್ತು. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿದ್ದವು. (ಮುಂದೆ ನ್ಯಾಮತಿ ತಾಲ್ಲೂಕಾದಾಗ ಇನ್ನೊಮ್ಮೆ ಬದಲಾಯಿತು.) ನ್ಯಾಮತಿ ದಾಟಿ, ಹೊನ್ನಾಳಿ ಸೇತುವೆಯ ಮೇಲೆ ತುಂಗಭದ್ರೆ ದಾಟಿ, ಹೊಳೆಯಾಚೆ ಕೊಯ್ದ ಗದ್ದೆಗಳ ನಡುವೆ ಅವರ ಗುಡಾರ ಸಿಕ್ಕಿತು. ಕೈಯಲ್ಲಿ ಚೀಲ, ಚೀಲದಲ್ಲಿ ನನ್ನ ಎರಡು ಬಾತು.

ಬೆಳಗಿನ ಜಾವವೇ ಹೋಗಿದ್ದರಿಂದ ಒಂದು ಸಂಗತಿ ತಿಳಿಯಿತು. ಬಾತು ಮೊಟ್ಟೆ ಇಡುವುದು ಹೆಚ್ಚಾಗಿ ಬೆಳಕು ಹರಿಯುವ ಮುಂಚೆ. ಅದಕ್ಕೇ ರಾತ್ರಿ ಬಲೆ ಸುತ್ತಿದ ಬಯಲಲ್ಲಿ ಕೂಡಿಟ್ಟು, ಬಿಸಿಲು ಏರಿದ ಮೇಲೆ ಬಿಡುವುದು. ಬೇಗ ಬಿಟ್ಟರೆ ಮೊಟ್ಟೆ ಗದ್ದೆ ಪಾಲು. ಬಲೆಯೊಳಗೆ ಹುಲ್ಲಿನ ಮೇಲೆ ಎತ್ತ ನೋಡಿದರೂ ಬೆಳ್ಳಗೆ ಮೊಟ್ಟೆ. ಇಬ್ಬರು ಹೆಂಗಸರು ಬಗ್ಗಿ ಬಗ್ಗಿ ಆರಿಸುತ್ತಿದ್ದರು.

ಹಿಂಡಿನ ಯಜಮಾನನಿಗೆ ಅರವತ್ತು ದಾಟಿತ್ತು. ಎಲ್ಲರೂ ತಾತ ಅಂತಿದ್ದರು, ನಾನೂ ಅಂದೆ. ಆತ ನನಗೆ ‘ಬಾಬು’ ಅಂದ. ಅರ್ಧ ತೆಲುಗು, ಅರ್ಧ ಕನ್ನಡ. ನನ್ನ ಚೀಲದಿಂದ ಒಂದನ್ನು ತೆಗೆದು, ಕಣ್ಣು ನನ್ನ ಮುಖದ ಮೇಲೇ ಇಟ್ಟು, ಕೈ ಮಾತ್ರ ಆಡಿಸಿದ. ಕೊಕ್ಕು, ಗಂಟಲು, ಎದೆ, ಹಿಂಭಾಗ, ಕಾಲು. ‘ಮುದುಕಿ, ಬಾಬು. ನಾಲ್ಕು ವರ್ಷಕ್ಕೆ ಕಮ್ಮಿ ಇಲ್ಲ’ ಅಂದ. ಆಮೇಲೆ ಹಿಂಡಿನಿಂದ ಒಂದು ಮರಿ ತರಿಸಿ ನನ್ನ ತೊಡೆಯ ಮೇಲಿಟ್ಟ. ‘ಈಗ ನೀನು ನೋಡು. ಕಣ್ಣು ಮುಚ್ಚಿಕೋ.’

ಕಣ್ಣು ಮುಚ್ಚಿ ಕಲಿತದ್ದನ್ನು ಬರೆಯುತ್ತೇನೆ. ಮೊದಲು ಕೊಕ್ಕಿನ ಕೆಳಭಾಗ. ಎಳೆಯದಾದರೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಹಸಿ ಬಿದಿರಿನ ಸೀಳಿನಂತೆ ಬಾಗುತ್ತದೆ, ಬಲಿತದ್ದಾದರೆ ಜಗ್ಗುವುದಿಲ್ಲ. ಕೆಳಕೊಕ್ಕು ಹಿಡಿದು ಇಡೀ ಹಕ್ಕಿಯನ್ನೇ ಎತ್ತಿ ನೋಡುವ ಮಾಂಸದ ಅಂಗಡಿಯವರೂ ಇದ್ದಾರೆ. ತಾತನಿಗೆ ಅದು ಆಗದು. ‘ಜೀವ ಇರೋದನ್ನ ಹಂಗೆ ನೋಡಬಾರದು’ ಅಂದ. ಎರಡನೆಯದು ಗಂಟಲ ಕೊಳವೆ. ಎಳೆಯದರಲ್ಲಿ ಬೆರಳಿನಡಿ ಮೆತ್ತಗೆ ತಗ್ಗುತ್ತದೆ; ಮುದಿಯದರಲ್ಲಿ ಬಳೆಗಳನ್ನು ಪೋಣಿಸಿಟ್ಟ ಹಾಗೆ ಗಟ್ಟಿ. ಮೂರನೆಯದು ಎದೆಮೂಳೆಯ ಹಿಂತುದಿ. ಎಳೆಯದರಲ್ಲಿ ಅದು ಇನ್ನೂ ಕಿವಿಯ ಹಾಲೆಯಂತೆ ಬಳುಕುವ ಎಳೆಮೂಳೆ. ನಾಲ್ಕನೆಯದು ಪಾದದ ಜಾಲ. ಮರಿಯ ಜಾಲ ತೆಳ್ಳಗೆ ನುಣ್ಣಗೆ. ವರ್ಷ ಕಳೆದಂತೆ ದಪ್ಪವಾಗಿ, ಹುರುಪೆ ಎದ್ದು, ನಮ್ಮ ಅಂಗಾಲಿನಂತೆ ಒರಟಾಗುತ್ತದೆ.

ಮೊಟ್ಟೆಯ ಹಕ್ಕಿಗೆ ಇನ್ನೊಂದು ಅಳತೆ. ಬಾಲದ ಕೆಳಗೆ ಎರಡು ಸಣ್ಣ ಮೂಳೆಗಳ ತುದಿ ಕೈಗೆ ಸಿಗುತ್ತವೆ. ಅವುಗಳ ನಡುವೆ ಒಂದು ಬೆರಳು ಕಷ್ಟಪಟ್ಟು ಹೋದರೆ ಇನ್ನೂ ಮೊಟ್ಟೆ ಇಟ್ಟಿಲ್ಲ, ಇಲ್ಲವೇ ನಿಲ್ಲಿಸಿದೆ. ಎರಡು ಮೂರು ಬೆರಳು ಸಲೀಸಾಗಿ ಕೂತರೆ ಇಡುತ್ತಿದೆ. ಹಳದಿ ಕೊಕ್ಕಿನ ಬಿಳಿ ಬಾತಾದರೆ ಬಣ್ಣವೂ ಹೇಳುತ್ತದೆ: ಮೊಟ್ಟೆ ಇಡುತ್ತಾ ಹೋದಂತೆ ಕೊಕ್ಕಿನ ಹಳದಿ ಮಾಸುತ್ತದೆ.

ಗಂಡು ಹೆಣ್ಣಿಗೆ ಕೈ ಬೇಡ, ಕಿವಿ ಸಾಕು. ಎರಡು ತಿಂಗಳು ತುಂಬುವ ಹೊತ್ತಿಗೆ ಹೆಣ್ಣಿನ ಗಂಟಲು ಒಡೆದು ‘ಕ್ವಾಕ್’ ಎಂದು ಊರಿಗೇ ಕೇಳಿಸುತ್ತದೆ. ಗಂಡಿನದು ನೆಗಡಿಯಾದವರ ಪಿಸುಮಾತು. ಮೂರು ನಾಲ್ಕು ತಿಂಗಳಿಗೆ ಗಂಡಿನ ಬಾಲದ ಮೇಲೆ ಒಂದೆರಡು ಗರಿ ಮೀಸೆಯಂತೆ ಸುರುಳಿ ಸುತ್ತುತ್ತವೆ. ಸಂತೆಗೆ ಬಂದವರು ಈ ಸುರುಳಿ ಹುಡುಕುತ್ತಾರೆಂದು ಗೊತ್ತಿದ್ದವರು ಅದನ್ನು ಕಿತ್ತು ಮಾರುವುದೂ ಉಂಟಂತೆ. ‘ಗರಿ ಕೀಳಬಹುದು, ಬಾಬು, ಗಂಟಲು ಕೀಳಾಕಾಗಲ್ಲ’ ಅಂದ ತಾತ.

ಕೊನೆಗೆ ಬಾಲ. ಒಂದು ಮರಿಯ ಬಾಲ ಬೀಸಣಿಗೆಯಂತೆ ಬಿಡಿಸಿ ಹಿಡಿದ. ಪ್ರತಿ ಗರಿಯ ತುದಿಯೂ ಹಾವಿನ ನಾಲಿಗೆಯಂತೆ ಸಣ್ಣಗೆ ಕಚ್ಚು ಬಿದ್ದಿತ್ತು. ಮೊಟ್ಟೆಯಿಂದ ಬಂದಾಗ ಮೈಮೇಲಿದ್ದ ತುಪ್ಪಳ ಹೊಸ ಗರಿಯ ನೆತ್ತಿಯ ಮೇಲೆ ಕೂತೇ ಮೇಲೇಳುತ್ತದೆ. ಅದು ಮುರಿದು ಬಿದ್ದ ಜಾಗವೇ ಆ ಕಚ್ಚು. ಮುಂದೆ ಆ ಗರಿಗಳೂ ಉದುರಿ ಬಲಿತ ಗರಿ ಬಂದರೆ ತುದಿ ದುಂಡಗೆ, ತುಂಬಿಕೊಂಡಿರುತ್ತದೆ. ಕೆರೆಯಲ್ಲಿ ಉರುಳು ಹಾಕುತ್ತಿದ್ದವರು ಬಾಲ ಬಿಡಿಸುತ್ತಿದ್ದುದು ಏಕೆಂದು ನನಗೆ ಅರ್ಥವಾದದ್ದು ಆ ಗದ್ದೆಯ ಬದುವಿನ ಮೇಲೆ. ಅಜ್ಜ ಕೇಳದೆ ಬಿಟ್ಟ ಪ್ರಶ್ನೆಗೆ ಹೊಳೆಯಾಚೆ ಉತ್ತರ ಕಾದಿತ್ತು.

‘ಹಂಗಾದ್ರೆ ನನ್ನ ಬಾತಿನ ಪುಕ್ಕ ಯಾಕೆ ಹೊಸದರ ಹಂಗೆ ಹೊಳೀತಿತ್ತು ತಾತ?’ ಅಂದೆ.

‘ಹೊಸದೇ ಇತ್ತಲ್ಲ ಬಾಬು, ಅದಕ್ಕೇ.’

ನನ್ನನ್ನು ಕೆಡವಿದ್ದು ಇದೇ. ಎತ್ತಿನ ಹಲ್ಲು ಸವೆದರೆ ಸವೆಯಿತು. ಬಾತು ಹಾಗಲ್ಲ, ವರ್ಷಕ್ಕೊಮ್ಮೆ ಹಳೆಯ ಪುಕ್ಕ ಕಳಚಿ ಹೊಸದು ತೊಡುತ್ತದೆ. ಕಾಡುಬಾತು ರೆಕ್ಕೆಯ ದೊಡ್ಡ ಗರಿಗಳನ್ನೆಲ್ಲ ಒಟ್ಟಿಗೇ ಉದುರಿಸಿ ಕೆಲವು ವಾರ ಹಾರಲಾರದೆ ಜೊಂಡಿನಲ್ಲಿ ಅಡಗಿರುತ್ತದೆ. ಬಣ್ಣದ ಗಂಡು ಆ ಹೊತ್ತಿಗೆ ಹೆಣ್ಣಿನಂತೆ ಮಸುಕಾಗಿಬಿಡುತ್ತದೆ. ಆ ಕಾಲ ಮುಗಿದ ಮರುವಾರ ನಾಲ್ಕು ವರ್ಷದ ಮುದುಕಿ ಮದುವಣಗಿತ್ತಿಯಂತೆ ಹೊಳೆಯುತ್ತಾಳೆ. ಅದೇ ಹೊತ್ತಿಗೆ, ಐದಾರು ತಿಂಗಳಿಂದ ದಿನಾ ಮೊಟ್ಟೆ ಇಡುತ್ತಿರುವ ಪ್ರಾಯದ ಹಕ್ಕಿಯ ಪುಕ್ಕ ಮಾಸಿ, ಬಾಲದ ತುದಿ ಮುರಿದು, ಗಂಡು ಹತ್ತಿ ಹತ್ತಿ ಕತ್ತಿನ ಹಿಂದೆ ಬೋಳಾಗಿರುತ್ತದೆ. ಸಂತೆಯಲ್ಲಿ ನಾನು ಬದಿಗೆ ಸರಿಸಿದ್ದು ಅಂಥ ಹಕ್ಕಿಗಳನ್ನೇ. ದುಡಿಯುವ ಸೊಸೆಯ ಸೀರೆ ನೋಡಿ ಮೂಗು ಮುರಿದಂತಾಗಿತ್ತು.

ಹಾಗಂತ ಪುಕ್ಕ ಬರೀ ಸುಳ್ಳುಗಾರನಲ್ಲ. ವಯಸ್ಸು ಮುಚ್ಚಿಟ್ಟರೂ ಸಾಕಿದ ಬಗೆಯನ್ನು ಹೇಳಿಬಿಡುತ್ತದೆ. ಬಾತಿನ ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿ ಉಂಟು. ಕೊಕ್ಕಿನಿಂದ ಅದನ್ನು ಒತ್ತಿ, ಎಣ್ಣೆ ತೆಗೆದು, ಮೈಗೆಲ್ಲ ಸವರಿಕೊಳ್ಳುತ್ತದೆ. ಗರಿಯ ಎಳೆಗಳು ಸಣ್ಣ ಸಣ್ಣ ಕೊಕ್ಕೆಗಳಿಂದ ಒಂದಕ್ಕೊಂದು ಹೆಣೆದುಕೊಂಡು ನೀರು ಇಳಿಯದಂಥ ಬಟ್ಟೆಯಾಗುತ್ತವೆ. ತಾತ ಬೊಗಸೆ ನೀರು ಹಿಂಡಿನ ಹಕ್ಕಿಯ ಬೆನ್ನಿಗೆ ಎರಚಿದ. ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾಗಿ ಉರುಳಿತು. ನನ್ನದರ ಬೆನ್ನಿಗೆ ಎರಚಿದ, ಇಂಗಿತು. ಮೀಯಲು ನೀರಿಲ್ಲದೆ ಕೊಳಕು ನೆಲದಲ್ಲಿ ಕೂಡಿಟ್ಟ ಬಾತಿನ ಪುಕ್ಕ ಹೀಗೆ ಕೆಡುತ್ತದೆ. ಅಂಥದ್ದನ್ನು ಒಮ್ಮೆಗೇ ಕೆರೆಗೆ ಬಿಟ್ಟರೆ ನೀರು ಕುಡಿದು ನಡುಗಿ ಸಾಯಬಹುದು. ಮೂರು ತಿಂಗಳು ನಾನು ಅವಕ್ಕೆ ಕೊಟ್ಟದ್ದು ಕುಡಿಯುವ ಒಂದು ಬೋಗುಣಿ ನೀರು. ವಯಸ್ಸಿನ ಮೋಸ ಮಾರಿದವರದ್ದಾದರೂ ಪುಕ್ಕದ ದೋಷ ನನ್ನದು. ತಾತ ಅದನ್ನು ಬಾಯಿಬಿಟ್ಟು ಹೇಳಲಿಲ್ಲ; ಒದ್ದೆ ಹಕ್ಕಿಯನ್ನು ಪಂಚೆಯ ಸೆರಗಿನಲ್ಲಿ ಒರೆಸಿ ಕೈಗೆ ಕೊಟ್ಟ.

ಮಾಂಸಕ್ಕೆ ಸಾಕುವವರಿಗೆ ಪುಕ್ಕದ ಲೆಕ್ಕವೇ ಬೇರೆ. ಏಳೆಂಟು ವಾರಕ್ಕೆ ಮೊದಲ ಪುಕ್ಕ ತುಂಬಿಕೊಂಡು ಮೈ ಚೊಕ್ಕವಾಗಿರುತ್ತದೆ. ಆ ವಾರ ತಪ್ಪಿದರೆ ಹೊಸ ಗರಿಗಳು ಚರ್ಮದೊಳಗಿಂದ ಮುಳ್ಳಿನಂತೆ ಏಳತೊಡಗುತ್ತವೆ. ಕಿತ್ತಷ್ಟೂ ಮುಗಿಯವು, ಚರ್ಮದಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ. ಮತ್ತೆ ಚೊಕ್ಕವಾಗಲು ಹನ್ನೆರಡು ಹದಿಮೂರು ವಾರದವರೆಗೆ ಕಾಯಬೇಕು. ಪುಕ್ಕದ ಬುಡ ಕೆದರಿ ವಾರ ಗೊತ್ತು ಮಾಡಬಲ್ಲವನಿಗೆ ಮಾತ್ರ ಆ ವ್ಯಾಪಾರ.

ಪುಕ್ಕಕ್ಕೂ ಪೇಟೆ ಉಂಟೆಂದು ತಿಳಿದದ್ದು ಅದಕ್ಕೂ ಆಮೇಲೆ. ನಾವು ಹೈಸ್ಕೂಲು ಬಯಲಿನಲ್ಲಿ ಬ್ಯಾಡ್ಮಿಂಟನ್ ಎಂದು ಪ್ಲಾಸ್ಟಿಕ್ ಕಾಕ್ ಹೊಡೆಯುತ್ತಿದ್ದವರು. 1980ರಲ್ಲಿ ನಮ್ಮ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಗೆದ್ದದ್ದು ಗರಿಯ ಕಾಕಿನಲ್ಲಿ ಎಂಬುದಷ್ಟೇ ಗೊತ್ತಿತ್ತು. ಶಿವಮೊಗ್ಗದಲ್ಲೊಮ್ಮೆ ಬಳಸಿ ಬಿಸಾಡಿದ ಕಾಕೊಂದು ಸಿಕ್ಕಿತು. ಎಣಿಸಿದೆ: 16 ಗರಿ. ಪಶ್ಚಿಮ ಬಂಗಾಳದ ಉಲುಬೇರಿಯಾದಲ್ಲಿ ಬಾತಿನ ರೆಕ್ಕೆಯ ಗರಿಯಿಂದ ಮನೆಮನೆಯಲ್ಲಿ ಕಾಕ್ ಕಟ್ಟುತ್ತಾರೆ. ದಂಟು ನೆಟ್ಟಗೆ, ಅಂಚು ಸೀಳದೆ, ಎಲ್ಲ ಗರಿ ಒಂದೇ ಕಡೆಗೆ ಬಾಗಿರಬೇಕು. ಎಡರೆಕ್ಕೆಯ ಗರಿಯ ಜೊತೆ ಬಲರೆಕ್ಕೆಯದು ಬೆರೆತರೆ ಕಾಕ್ ಗಾಳಿಯಲ್ಲಿ ನೆಟ್ಟಗೆ ತಿರುಗದು. ನಮ್ಮ ಗದ್ದೆಗಳಲ್ಲಿ ತುಳಿದುಕೊಂಡು ಹೋಗುವ ಪುಕ್ಕವನ್ನು ಅಲ್ಲಿ ಹೀಗೆ ಆರಿಸಿ ಆರಿಸಿ ಜೋಡಿಸುತ್ತಾರೆ.

ತಾತನ ಪಾಠ ಕಲಿತ ಮೇಲೆ ನಾನು ಎರಡನೇ ಸಲ ಕೊಂಡದ್ದು ಖಾಕಿ ಕ್ಯಾಂಪ್‌ಬೆಲ್ ತಳಿ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಯೂಲಿ ಎಂಬ ಹಳ್ಳಿಯಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬ ಹೆಣ್ಣುಮಗಳು, 20ನೇ ಶತಮಾನ ಹುಟ್ಟುವ ಹೊತ್ತಿಗೆ, ಇಂಡಿಯನ್ ರನ್ನರ್ ಬಾತನ್ನು ಬೇರೆ ಬಾತುಗಳೊಂದಿಗೆ ಕೂಡಿಸಿ ಬೆಳೆಸಿದ ತಳಿ ಅದು. ಬೋಯರ್ ಯುದ್ಧದ ಸಿಪಾಯಿಗಳ ಬಟ್ಟೆಯ ಬಣ್ಣವೇ ಹೆಸರಾಯಿತು. ಇಂಡಿಯನ್ ರನ್ನರ್ ಎಂಬುದೂ ಹೆಸರಿಗಷ್ಟೇ ಇಂಡಿಯದ್ದು, ಮೂಲ ಇಂಡೊನೇಷ್ಯಾದ ದ್ವೀಪಗಳದ್ದು. ಬೆಂಗಳೂರಿನ ಬಳಿ ಹೆಸರಘಟ್ಟದ ಕೇಂದ್ರ ಸರ್ಕಾರದ ಫಾರಮ್ಮಿನ ಮೂಲಕ ಈ ತಳಿ ನಮ್ಮ ನಾಡಿನಲ್ಲಿ ಹರಡಿತು. ಚೆನ್ನಾಗಿ ಸಾಕಿದರೆ ವರ್ಷಕ್ಕೆ 300ರ ಆಸುಪಾಸು ಮೊಟ್ಟೆ. ಆದರೆ ಕಾವು ಕೂರುವ ಬುದ್ಧಿ ಕಮ್ಮಿ. ಅವ್ವ ಬಾತಿನ ಮೊಟ್ಟೆಗಳನ್ನು ನಾಟಿಕೋಳಿಯ ಕೆಳಗೆ ಇಟ್ಟಳು. ಕೋಳಿಯ ಲೆಕ್ಕ 21 ದಿನ, ಬಾತಿನದು 28. ಇಪ್ಪತ್ತೆರಡನೇ ದಿನದಿಂದ ಆ ಕೋಳಿ ಎದ್ದು ಎದ್ದು ನೋಡತೊಡಗಿತು. ಅವ್ವ ದಿನವೂ ಬುಟ್ಟಿ ಮುಚ್ಚಿ, ‘ಇನ್ನೆಲ್ಡು ದಿನ ತಡಿ ತಾಯಿ’ ಅಂತ ಬೇಡಿಕೊಳ್ಳುತ್ತಿದ್ದಳು. ಒಂಬತ್ತು ಮರಿ ಬಂದವು.

ಈಗ ಕತೆ ತಿರುಗಿದೆ. ಕುಡುಗೋಲಿನ ಕಾಲಕ್ಕಿಂತ ಕೊಯ್ಲಿನ ಯಂತ್ರದ ಕಾಲದಲ್ಲಿ ಗದ್ದೆಗೆ ಉದುರುವ ಕಾಳು ಹೆಚ್ಚು, ಅಷ್ಟರಮಟ್ಟಿಗೆ ಬಾತಿಗೆ ಲಾಭ. ಆದರೆ ನಮ್ಮ ಕಡೆ ಹೊಲವೆಲ್ಲ ಮೆಕ್ಕೆಜೋಳ, ನೀರು ಕಂಡಲ್ಲೆಲ್ಲ ಅಡಿಕೆ. ಅಡಿಕೆ ತೋಟಕ್ಕೆ ಬಾತಿನ ಹಿಂಡು ಇಳಿಯುವುದಿಲ್ಲ. 2020ರ ಮಾರ್ಚಿನಲ್ಲಿ ನಮ್ಮದೇ ಜಿಲ್ಲೆಯ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ಕಂಡಾಗ ಊರೂರಲ್ಲಿ ಪುಕ್ಕ ಇರುವುದನ್ನೆಲ್ಲ ಅನುಮಾನದಿಂದ ನೋಡಿದರು. ನಾನೂ ಉಳಿದಿದ್ದ ಏಳು ಬಾತುಗಳನ್ನು ತಿಂಗಳುಗಟ್ಟಲೆ ಹೊರಗೆ ಬಿಡಲಿಲ್ಲ. ಈ ಸಲ ಮಾತ್ರ ದೊಡ್ಡ ಬಾನಿಗೆ ನೀರು ತುಂಬಿಟ್ಟಿದ್ದೆ.

ಅಜ್ಜ ಹೋಗುವ ಹಿಂದಿನ ವರ್ಷ ಕಣ್ಣಿಗೆ ಪೊರೆ ಬಂದು ಹೋರಿಯ ಹಲ್ಲು ಕಾಣದಾಗಿತ್ತು. ಸಂತೆಗೆ ಹೋಗುವುದನ್ನು ಬಿಟ್ಟು ಜಗಲಿಯ ಮೇಲೆ ಕೂತಿರುತ್ತಿದ್ದ. ಒಂದು ಸಂಜೆ ನಾನು ಬಾತೊಂದನ್ನು ತೊಡೆಯ ಮೇಲಿಟ್ಟು, ಆತನ ಹೆಬ್ಬೆರಳು ಹಿಡಿದು, ಕೆಳಕೊಕ್ಕಿನ ಮೇಲೆ ಇರಿಸಿದೆ. ಒತ್ತಿದ. ಗಂಟಲಿಗೆ ಇಳಿದ. ಎದೆಮೂಳೆಯ ತುದಿ ಬಳುಕಿಸಿದ. ಪಾದದ ಜಾಲವನ್ನು ಎರಡು ಬೆರಳ ನಡುವೆ ಉಜ್ಜಿದ, ಬಟ್ಟೆ ಅಂಗಡಿಯಲ್ಲಿ ಪಂಚೆಯ ಪೋತು ನೋಡುವವನಂತೆ. ಬಾಲದ ಗರಿಯೊಂದರ ತುದಿಗೆ ಉಗುರು ತಾಗಿಸಿ, ಅಲ್ಲಿನ ಕಚ್ಚನ್ನು ತಡವಿ, ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಇನ್ನೂ ಹಾಲುಹಲ್ಲು ಬಿದ್ದಿಲ್ಲ ಇದಕ್ಕೆ’ ಅಂದ.